ಉಡುದಾರ ಕಟ್ಟಿದ ಕಪ್ಪೆಗಳು ಸಮುದ್ರ ದಾಟಿದ ಬಗೆ

ಶಿಡ್ಲಘಟ್ಟ

ವಿದೇಶ ಪ್ರವಾಸವನ್ನು ಬಂದರಿನಿಂದ ಶುರು ಮಾಡುವುದು ವಾಡಿಕೆ. ನಾನು ನಮ್ಮ ಮನೆಯ ಹಿತ್ತಲಿನಿಂದ ಶುರು ಮಾಡುತ್ತೇನೆ. ಅದು ಅಲ್ಲಿಂದಲೇ ಶುರುವಾಯಿತೆಂಬ ಖಾತ್ರಿಯೇನೂ ನನಗಿಲ್ಲ. ಬರೆಯಲು ಕುಳಿತಾಗ ನಡೆದದ್ದೆಲ್ಲ ತಾನಾಗಿ ಒಂದರ ಹಿಂದೆ ಒಂದು ಸಾಲುಗಟ್ಟಿ ನಿಲ್ಲುತ್ತದೆ. ಹಾಗೆ ನಿಂತ ಸಾಲನ್ನು ಕಂಡರೆ ನನಗೆ ಈಗಲೂ ಭಯ. ಆದರೂ ಎಲ್ಲೋ ಒಂದು ಕಡೆ ಕಾಲಿಡಬೇಕಲ್ಲ.

ಐವತ್ತರ ದಶಕದ ಮೊದಲ ವರ್ಷಗಳು. ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಮನೆ ಶಿಡ್ಲಘಟ್ಟದಲ್ಲಿ: ಹಿಪ್ಪುನೇರಳೆ ತೋಟ, ಹಿತ್ತಲಿನಲ್ಲಿ ನೂಲು ಬಿಚ್ಚುವ ಎರಡು ಚರಕ, ಅಣ್ಣ, ಅತ್ತಿಗೆ. ಎಡಿನ್‌ಬರೋದ ಪ್ರೊಫೆಸರೊಬ್ಬರು ತಮ್ಮ ಪ್ರಯೋಗಶಾಲೆಯಲ್ಲಿ ಎರಡು ವರ್ಷ ನನ್ನನ್ನು ಇಟ್ಟುಕೊಳ್ಳಲು ಒಪ್ಪಿದ್ದರು. ಅದಕ್ಕೊಂದು ಷರತ್ತು. ನಾನು ಹೇಳುತ್ತಿರುವುದನ್ನು ಕಪ್ಪೆಗಳೇ ತೋರಿಸಬೇಕು; ತೋರಿಸದಿದ್ದರೆ ಮುಂದಿನ ಹಡಗಿನಲ್ಲಿ ವಾಪಸ್ಸು.

ನಾನು ಹೇಳುತ್ತಿದ್ದದ್ದು ಇಷ್ಟು. ನಮ್ಮೂರ ಕೆರೆಯಲ್ಲಿ ಮಳೆಗಾಲ ಕಳೆದ ಮೇಲೂ ತಿಂಗಳುಗಟ್ಟಲೆ ನೀರಿರುತ್ತದೆ. ಕೆರೆಯ ಆಚೆಯ ಬಂಡೆಯ ಮೇಲಿನ ಕುಂಟೆ ನಾಲ್ಕು ಬಿಸಿಲಿಗೆ ಬತ್ತುತ್ತದೆ. ಒಂದೇ ಜಾತಿಯ ಕಪ್ಪೆ ಎರಡರಲ್ಲೂ ಮೊಟ್ಟೆಯಿಡುತ್ತದೆ. ಕೆರೆಯ ಗೊದಮೊಟ್ಟೆಗೆ ಪುರುಸೊತ್ತು ಇದೆ. ಕುಂಟೆಯದು ನೀರು ಮುಗಿಯುವುದರೊಳಗೆ ಕಾಲು ಬೆಳೆಸಿಕೊಂಡು, ಬಾಲ ಕರಗಿಸಿಕೊಂಡು ದಡ ಹತ್ತಬೇಕು, ಹತ್ತುತ್ತದೆ ಕೂಡ. ಆದರೆ ಅದರ ಮೂಳೆ ಆ ಅವಸರಕ್ಕೆ ಒಗ್ಗುವುದಿಲ್ಲ, ಕುಂಟೆಯ ಕಪ್ಪೆ ಇನ್ನೂ ಮೆದುವಾಗಿರುವ ಎಳೆ ಮೂಳೆಯಲ್ಲೇ ನೆಲಕ್ಕೆ ಬರುತ್ತದೆ ಎಂಬುದು ನನ್ನ ವಾದ. ತೋರಿಸುವ ದಾರಿಯೂ ಇತ್ತು. ಮರಿಯನ್ನು ಪೊಟ್ಯಾಷ್ ಕ್ಷಾರದಲ್ಲಿಟ್ಟರೆ ಮಾಂಸ ಗಾಜಿನಂತೆ ತಿಳಿಯಾಗುತ್ತದೆ. ಆಮೇಲೆ ಅಲಿಜರಿನ್ ಎಂಬ ಬಣ್ಣ ಹಾಕಿದರೆ ಗಟ್ಟಿಯಾದ ಮೂಳೆ ಮಾತ್ರ ಕೆಂಪಾಗುತ್ತದೆ. ಎಳೆಯದು ಹಾಗೇ ಉಳಿಯುತ್ತದೆ.

ಆ ಮಳೆಗಾಲವಿಡೀ ಎರಡೂ ನೀರಿನಿಂದ ಮರಿ ಹಿಡಿದು ಸ್ಪಿರಿಟ್ಟಿನಲ್ಲಿ ಹಾಕಿದೆ. ಸಣ್ಣ ಸಣ್ಣ ಸೀಸೆಗಳನ್ನು ಹೊತ್ತು ಅಷ್ಟು ದೂರ ಹೋಗುವಂತಿರಲಿಲ್ಲ. ಅಗಲ ಬಾಯಿಯ ಎರಡು ಜಾಡಿ ಸಾಕು ಎಂದುಕೊಂಡೆ: ಒಂದರಲ್ಲಿ ಕಾಲು ಮೂಡದವು, ಇನ್ನೊಂದರಲ್ಲಿ ಮೂಡಿದವು. ಯಾವುದು ಎಲ್ಲಿಯದು, ಎಷ್ಟು ವಾರದ್ದು ಎಂದು ಗುರುತಿಸಲು ಪ್ರತಿಯೊಂದರ ಸೊಂಟಕ್ಕೂ ನೂಲು. ಕೆಂಪು ಹಾಕಿದ ನೂಲು ಕೆರೆಯದಕ್ಕೆ, ಬಣ್ಣವಿಲ್ಲದ್ದು ಕುಂಟೆಯದಕ್ಕೆ, ವಾರಕ್ಕೊಂದು ಗಂಟು.

ನೂಲು ಎಂದರೆ ನಮ್ಮೂರಲ್ಲಿ ರೇಷ್ಮೆ. ಚರಕದ ಸುತ್ತ ಬಿದ್ದ ತುಂಡು ನೂಲಿನಿಂದಲೇ ಮುರಿದ ಕನ್ನಡಕದ ಕಾಲು ಕಟ್ಟುತ್ತೇವೆ, ಸೊಪ್ಪಿನ ಕಂತೆ ಕಟ್ಟುತ್ತೇವೆ, ಉಡುದಾರ ತರುವವರೆಗೆ ಕೂಸಿನ ಸೊಂಟಕ್ಕೂ ಅದನ್ನೇ ಸುತ್ತುತ್ತೇವೆ. ಅಂಗಡಿಗೆ ಹೋಗಿ ಹತ್ತಿ ದಾರ ಕೇಳಿದರೆ ಮನೆಯಲ್ಲಿ ಏನಾಯಿತೆಂದು ಅಂಗಡಿಯವನು ವಿಚಾರಿಸುತ್ತಾನೆ. ಕಣ್ಣಿಗೆ ಕಾಣದ ಎಳೆಯ ತುದಿಗಳನ್ನು ದಿನವಿಡೀ ಜೋಡಿಸುವ ಅತ್ತಿಗೆಯೇ ಗಂಟು ಹಾಕಿಕೊಟ್ಟರು. ಬಾಗೇಪಲ್ಲಿ ಕಡೆಯ ಹೆಣ್ಣುಮಗಳು, ಎಣಿಕೆ ಮಾತ್ರ ಯಾವಾಗಲೂ ತೆಲುಗಿನಲ್ಲಿ. ಒಕಟಿ, ರೆಂಡು, ಮೂಡು ಎಂದು ಗಂಟು ಬೀಳುತ್ತಿದ್ದವು.

"ಎಲ್ಲಕ್ಕೂ ಉಡುದಾರ ಆಯ್ತಪ್ಪ," ಎಂದರು ಕೊನೆಗೆ. "ನಾಮಕರಣನೂ ಇಲ್ಲೇ ಮುಗಿಸ್ಕೊಂಡು ಹೋಗು. ಆ ದೇಶದಲ್ಲಿ ಪುರೋಹಿತರು ಸಿಗ್ತಾರೋ ಇಲ್ವೋ."

ಗೌರಿಬಿದನೂರು

ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿನವರೆಗೆ ಬಸ್ಸಿನಲ್ಲಿ ಜಾಡಿಗಳನ್ನು ಮೊಣಕಾಲಿನ ನಡುವೆ ಅವುಚಿ ಹಿಡಿದು ಕುಳಿತಿದ್ದೆ. ಸ್ಪಿರಿಟ್ಟಿನ ವಾಸನೆ ಬಸ್ಸಿಗೆಲ್ಲ ಹರಡಿತು. ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು. ಓದಿದವರೇ ಹೀಗಾದರೆ ಹೇಗೆ ಎಂದು ಯಾರೋ ನನಗೆ ಕೇಳಿಸುವಂತೆ ತೆಲುಗಿನಲ್ಲಿ ಹೇಳಿದರು.

ಗುಂತಕಲ್ಲಿನ ಗಾಡಿಗೆ ಕಾಯುತ್ತಿದ್ದಾಗ ಚಿಂತಾಮಣಿಯ ರಹಮತ್ ಸಾಬರು ಸಿಕ್ಕಿದರು. ಬಸ್ಸು ರಿಪೇರಿಯಲ್ಲಿ ಎತ್ತಿದ ಕೈ. ಅವರ ಮಾಲೀಕರು ಡೀಸೆಲ್ ಇಂಜಿನ್ನಿನ ಕೆಲಸ ಕಲಿತು ಬಾ ಎಂದು ಇಂಗ್ಲೆಂಡಿಗೆ ಕಳಿಸುತ್ತಿದ್ದರು. ನಾನು ಹತ್ತಬೇಕಿದ್ದ ಹಡಗೇ ಅವರದೂ. ನನಗಿಂತ ಹತ್ತು ವರ್ಷ ಹಿರಿಯರು, ಆದರೂ ಮೇಷ್ಟ್ರೇ ಎಂದೇ ಕರೆದರು. ಮುರುಗಮಲ್ಲದ ದರ್ಗಾದಿಂದ ತಂದ ಸಕ್ಕರೆ ಕೊಟ್ಟರು. ಗಾಡಿ ಹೊರಟ ಮೇಲೆ ಮೂಗಿಗೆ ಕರವಸ್ತ್ರ ಹಿಡಿದು, "ಒಳಗಡೆ ಇರೋರು ಆರಾಮಾಗಿದಾರಾ?" ಎಂದು ಜಾಡಿಯ ಕಡೆ ಕಣ್ಣು ಮಾಡಿದರು. ನನಗೆ ಅವರು ಹಿಡಿಸಿದರು. ಮುಂದೆ ಅವರ ಮೇಲೆ ನನಗೆ ಬಂದ ಗುಮಾನಿಯನ್ನು ನೆನೆದರೆ, ಆ ದಿನ ಹಿಡಿಸಿದ್ದು ನಿಜವೋ ಆಮೇಲೆ ಸೇರಿಸಿಕೊಂಡದ್ದೋ ತಿಳಿಯದು.

ಮುಂಬಯಿ

ಮುಂಬಯಿಯಲ್ಲಿ ಆಗ ಪಾನನಿರೋಧ. ಬಂದರಿನಲ್ಲಿ ಅಬಕಾರಿ ಅಧಿಕಾರಿಯೊಬ್ಬರು ಜಾಡಿಯ ಮುಚ್ಚಳ ತೆಗೆದು ಮೂಸಿದರು. ನಾನು ಕಾಲೇಜಿನ ಪತ್ರ ತೋರಿಸಿದೆ. ಮೈಸೂರು ರಾಜ್ಯದ ಪತ್ರ ಮೈಸೂರಿನಲ್ಲಿ ನಡೆಯುತ್ತದೆ ಎಂದು ಅವರು ಸಮಾಧಾನವಾಗಿಯೇ ಹೇಳಿದರು. ಕಪ್ಪೆಗೆ ಅವರ ಅಡ್ಡಿಯಿರಲಿಲ್ಲ, ಸ್ಪಿರಿಟ್ಟಿಗೆ ಮಾತ್ರ. ಇದನ್ನು ಯಾರೂ ಕುಡಿಯುವುದಿಲ್ಲ ಎಂದೆ. ತಮ್ಮ ಇಷ್ಟು ವರ್ಷದ ಸರ್ವೀಸಿನಲ್ಲಿ ಜನ ಏನೇನು ಕುಡಿದದ್ದನ್ನು ನೋಡಿದ್ದಾರೆಂದು ವಿವರಿಸತೊಡಗಿದರು. ಹಡಗಿನ ಸೀಟಿ ಕೇಳಿಸುತ್ತಿತ್ತು.

ಸ್ಪಿರಿಟ್ ಚೆಲ್ಲಿದೆ. ಮರಿಗಳು ಬೀಳದಂತೆ ಅವರೇ ತಮ್ಮ ಬೆರಳನ್ನು ಜಾಡಿಯ ಬಾಯಿಗೆ ಅಡ್ಡ ಹಿಡಿದರು.

ಈಗ ಆ ಸೆಕೆಯಲ್ಲಿ ಕಪ್ಪೆಗಳು ಕೊಳೆಯುವ ಮುನ್ನ ಏನಾದರೂ ಮಾಡಬೇಕಿತ್ತು. ಔಷಧದ ಅಂಗಡಿಗೆ ಹೋಗಿಬರಲು ಸಮಯವಿರಲಿಲ್ಲ. ಪೆಟ್ಟಿಗೆಯಲ್ಲಿ ಪೊಟ್ಯಾಷಿನ ಪೊಟ್ಟಣ ಇತ್ತು. ಎಡಿನ್‌ಬರೋದಲ್ಲಿ ಮಾಡಬೇಕಾದ ಕೆಲಸವನ್ನು ಹಡಗಿನಲ್ಲೇ ಶುರು ಮಾಡಿದರಾಯಿತು, ತಲುಪುವ ಹೊತ್ತಿಗೆ ಮಾಂಸ ತಿಳಿಯಾಗಿರುತ್ತದೆ, ಬಣ್ಣ ಹಾಕುವುದಷ್ಟೇ ಬಾಕಿ. ಈ ಉಪಾಯ ಹೊಳೆದಾಗ ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಕ್ಯಾಬಿನ್ನಿನ ಹೂಜಿಯ ನೀರಿನಲ್ಲಿ ಪೊಟ್ಯಾಷ್ ಕರಗಿಸಿ ಜಾಡಿಗಳನ್ನು ತುಂಬಿ, ಮಂಚದ ಕೆಳಗೆ ಟವೆಲ್ ಸುತ್ತಿ ಇಟ್ಟೆ.

ಏಡನ್, ಅಥವಾ ಅದಕ್ಕೂ ಮೊದಲು

ಮೊದಲ ಗಂಟು ಬಿಚ್ಚಿದ್ದು ಏಡನ್ ದಾಟಿದ ಮೇಲೆ ಎಂದು ಊರಿನಲ್ಲಿ ಹೇಳುತ್ತಾ ಬಂದಿದ್ದೇನೆ. ಕೆಂಪು ಸಮುದ್ರ ಎಂದರೆ ಕೇಳುವವರಿಗೆ ಚೆನ್ನಾಗಿರುತ್ತದೆ. ಜಾಡಿಯ ನೀರು ನಸುಗೆಂಪಾದದ್ದು ಅದಕ್ಕೂ ಮುಂಚೆಯೇ. ಬಣ್ಣ ಬಿಡುವುದು ಸಹಜ ಎಂದುಕೊಂಡು ಸುಮ್ಮನಿದ್ದೆ. ಆಮೇಲೊಂದು ಬೆಳಿಗ್ಗೆ ಜಾಡಿಯ ತಳದಲ್ಲಿ ನೂಲಿಲ್ಲದ ಮರಿಯೊಂದು ಬಿದ್ದಿತ್ತು. ಎಷ್ಟು ಗಂಟಿನದೆಂದು ನೆನಪಿತ್ತು, ಅಥವಾ ಇದೆ ಎಂದುಕೊಂಡೆ. ಪೆಟ್ಟಿಗೆಯಲ್ಲಿದ್ದ ನೂಲಿನಿಂದ ಮತ್ತೆ ಕಟ್ಟಿದೆ. ಮರುದಿನ ನಾಲ್ಕೈದು ಬಿದ್ದಿದ್ದವು. ಅವನ್ನೂ ಕಟ್ಟಿದೆ. ಅದರ ಮರುದಿನ ನಾನೇ ಕಟ್ಟಿದ್ದು ಬಿಚ್ಚಿತ್ತು.

ಅತ್ತಿಗೆಯ ಗಂಟು ಬಿಚ್ಚುವುದಿಲ್ಲ. ಹಾಗಿದ್ದರೆ ಯಾರೋ ಬಿಚ್ಚುತ್ತಿದ್ದಾರೆ.

ಕ್ಯಾಬಿನ್ನಿನಲ್ಲಿ ಇದ್ದವರು ನಾವಿಬ್ಬರೇ. ರಹಮತ್ ಸಾಬರಿಗೆ ಜಾಡಿ ಕಂಡರೆ ಆಗುತ್ತಿರಲಿಲ್ಲ. ಮರಿಗಳು ದಿನದಿನಕ್ಕೆ ಗಾಜಾಗುತ್ತಿದ್ದವು. ಮೈ ಕಾಣದೆ ಕಣ್ಣಷ್ಟೇ ಕಪ್ಪಗೆ ಉಳಿದಿತ್ತು. ನಮಾಜಿಗೆ ನಿಂತಾಗ ಅವು ತಮ್ಮನ್ನೇ ನೋಡುತ್ತವೆ, ಟವೆಲನ್ನು ಸರಿಯಾಗಿ ಮುಚ್ಚಿ ಎಂದು ಎರಡು ಸಲ ಹೇಳಿದ್ದರು. ಒಂದು ದಿನ ನಾನು ಬಂದಾಗ ಜಾಡಿ ಮೂಲೆಗೆ ಸರಿದಿತ್ತು. ಹಡಗಿನ ಹೊಯ್ದಾಟಕ್ಕೆ ಚಪ್ಪಲಿಯೂ ಸರಿಯುತ್ತದೆ, ಅದು ನನಗೆ ತೋಚಲಿಲ್ಲ. ಜಾಡಿ ತೆಗೆದಿರಾ ಎಂದು ಕೇಳಿದೆ. ಕೇಳಿದ ರೀತಿ ಸರಿಯಿರಲಿಲ್ಲ.

ಅವರು ಹಾಸಿಗೆಯ ಮೇಲೆ ಎದ್ದು ಕುಳಿತರು. "ನಿಮ್ಮ ಕಪ್ಪೆ ಮುಟ್ಟೋಕೆ ನನಗೇನು ಹುಚ್ಚಾ ಮೇಷ್ಟ್ರೇ? ಚಿಂತಾಮಣಿ ಬಸ್ ಸ್ಟ್ಯಾಂಡಲ್ಲಿ ಹೋಗಿ ನನ್ನ ಹೆಸರು ಕೇಳಿ. ಒಬ್ಬರ ಸ್ಪ್ಯಾನರ್ ಒಬ್ಬರು ಕೇಳದೆ ಮುಟ್ಟಲ್ಲ ನಮ್ಮಲ್ಲಿ."

ಆಮೇಲೆ ಮಾತು ನಿಂತಿತು. ಸೆಕೆಗೆ ಕ್ಯಾಬಿನ್ನಿನ ಗೋಡೆ ಮುಟ್ಟುವಂತಿರಲಿಲ್ಲ. ಡೆಕ್ಕಿನ ಮೇಲೆ ದೊರೆಗಳು ಮುಖಕ್ಕೆ ಬಿಸಿಲು ಬೀಳಲೆಂದೇ ಕುರ್ಚಿ ತಿರುಗಿಸಿಕೊಂಡು ಮಲಗುತ್ತಿದ್ದರು. ನಮ್ಮ ಕಡೆ ಬಿಸಿಲಿಗೆ ಒಣಹಾಕುವುದು ಮೆಣಸಿನಕಾಯಿಯನ್ನು. ನಾನು ದಿನಕ್ಕೆ ಹತ್ತು ಸಲ ಇಳಿದುಹೋಗಿ ಟವೆಲ್ ಎತ್ತಿ ನೋಡುತ್ತಿದ್ದೆ. ಪ್ರತಿ ಸಲವೂ ತಳದಲ್ಲಿ ಹೆಚ್ಚು ಮರಿ, ಮೇಲೆ ಕಡಿಮೆ ನೂಲು.

ಸೂಯೆಜ್

ಕಾಲುವೆಯಲ್ಲಿ ಹಡಗು ಮರಳಿನ ನಡುವೆ ನಡೆದುಕೊಂಡು ಹೋದಂತೆ ಹೋಗುತ್ತದೆ. ದಡದಲ್ಲಿ ಒಂಟೆಯ ಪಕ್ಕ ಕುಳಿತವನೊಬ್ಬ ನಮ್ಮನ್ನು ಬಸ್ಸು ನೋಡುವ ಹಾಗೆ ನೋಡಿದ. ಎಲ್ಲರೂ ಮೇಲಿದ್ದರು. ನಾನು ಕೆಳಗೆ ಕುಳಿತು ಇನ್ನೂ ಗಂಟು ಉಳಿಸಿಕೊಂಡಿದ್ದ ಒಂದು ಮರಿಯನ್ನು ಚಿಮಟದಿಂದ ನೂಲು ಹಿಡಿದು ಎತ್ತಿದೆ. ಮರಿ ಬರಲಿಲ್ಲ. ನೂಲು ನೆನೆದ ಶಾವಿಗೆಯ ಹಾಗೆ ಹರಿದು ಚಿಮಟಕ್ಕೆ ಅಂಟಿತು. ಬೆರಳಿನಲ್ಲಿ ತಿಕ್ಕಿದರೆ ಲೋಳೆ.

ರೇಷ್ಮೆ ಹುಳು ತನ್ನ ಮೈಯಿಂದ ಬಿಡುವ ಪ್ರೋಟೀನು. ಮಾಂಸವೂ ಪ್ರೋಟೀನು. ಮಾಂಸವನ್ನು ಮೆತ್ತಗೆ ಮಾಡಲೆಂದು ನಾನು ಹಾಕಿದ ಕ್ಷಾರ ನೂಲನ್ನು ಬಿಟ್ಟೀತೆ? ಅದರಲ್ಲೂ ಕೆಂಪು ಸಮುದ್ರದ ಕಾವಿನಲ್ಲಿ? ಇದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದವನು ನಾನೇ. ಹತ್ತಿ ದಾರವಾಗಿದ್ದರೆ ಇಂದಿಗೂ ಇರುತ್ತಿತ್ತು. ಬೇರೆ ಯಾವ ಊರಿನವನಾದರೂ ಹತ್ತಿ ದಾರವನ್ನೇ ಕಟ್ಟಿರುತ್ತಿದ್ದ.

ಕ್ಷಾರ ಚೆಲ್ಲಿ, ಬಣ್ಣ ಹಾಕಿದ ಮೇಲೆ ಮುಳುಗಿಸಿಡಲೆಂದು ತಂದಿದ್ದ ಗ್ಲಿಸರಿನ್ ಹಾಕಿ, ಉಳಿದದ್ದನ್ನು ಉಳಿಸಿಕೊಂಡೆ. ಉಳಿದದ್ದೆಂದರೆ ಕಪ್ಪೆಗಳೆಲ್ಲ ಇದ್ದವು. ಯಾವುದು ಕೆರೆಯದು, ಯಾವುದು ಕುಂಟೆಯದು, ಯಾವುದು ಎಷ್ಟು ವಾರದ್ದು ಎಂಬುದು ಇರಲಿಲ್ಲ.

ಡೆಕ್ಕಿಗೆ ಹೋಗಿ ರಹಮತ್ ಸಾಬರಿಗೆ ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ. ಅವರು ತಲೆಯಾಡಿಸಿ ಕಂಬಿಗೆ ಒರಗಿದರು.

"ಇಂಜಿನ್ ಬಿಚ್ಚಿದಾಗ ಒಂದೊಂದು ಸಲ ನಟ್ಟೆಲ್ಲ ಒಂದೇ ತಟ್ಟೆಗೆ ಬಿದ್ದೋಗ್ತವೆ," ಎಂದರು. "ಯಾವುದು ಎಲ್ಲಿ ಕೂರುತ್ತೋ ಅದೇ ಅದರ ಜಾಗ. ಕೂರಿಸ್ಕೊಂಡು ಹೋದ್ರೆ ಗಾಡಿ ನಡೀತದೆ. ನಿಮಗೆ ಕಪ್ಪೆ ಗೊತ್ತಲ್ಲ ಮೇಷ್ಟ್ರೇ. ಕೂರಿಸಿ."

ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಅಲ್ಲಿಂದ ಮುಂದೆ ಮೆಡಿಟರೇನಿಯನ್ ಇಡೀ ಅದೇ ಮಾತು ನನ್ನನ್ನು ತಿಂದಿತು.

ಎಡಿನ್‌ಬರೋ

ಊರೆಲ್ಲ ಕಪ್ಪು ಕಲ್ಲು. ಮಧ್ಯಾಹ್ನದ ಊಟ ಅರಗುವ ಮೊದಲೇ ಕತ್ತಲಾಗುತ್ತದೆ. ಜನ ಕಾಲು ತುಳಿಸಿಕೊಂಡರೂ ತಾವೇ ಕ್ಷಮೆ ಕೇಳುತ್ತಾರೆ. ಚಿಂತಾಮಣಿಯಲ್ಲಿ ಬಸ್ಸಿಗೆ ನಿಂತರೆ ಯಾರ ಮಗ, ಎಲ್ಲಿಗೆ, ಯಾಕೆ, ಮದುವೆ ಆಯಿತೇ ಎಂದು ಬಸ್ಸು ಬರುವುದರೊಳಗೆ ನಾಲ್ಕು ಜನ ಕೇಳಿರುತ್ತಾರೆ. ಇಲ್ಲಿ ನಾನು ಎರಡು ಜಾಡಿ ಹಿಡಿದು ಟ್ರಾಮಿನಲ್ಲಿ ಕುಳಿತರೆ ಒಬ್ಬರೂ ಜಾಡಿಯ ಕಡೆ ನೋಡಲಿಲ್ಲ. ನೋಡದಿರುವುದು ಅವರಲ್ಲಿ ಮರ್ಯಾದೆ. ಯಾರಾದರೂ ಏನಿದು ಎಂದು ಕೇಳಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆ.

ಪ್ರೊಫೆಸರ್ ಎತ್ತರದ, ಬಿಳಿಚಿದ ಮನುಷ್ಯ. ಟೀ ಕುಡಿಯುವಾಗ ಮಾತನಾಡುತ್ತಿರಲಿಲ್ಲ, ಹಾಗಾಗಿ ಪ್ರಯೋಗಶಾಲೆಯಲ್ಲಿ ಯಾರೂ ಮಾತನಾಡುತ್ತಿರಲಿಲ್ಲ. ಚಮಚದ ಸದ್ದು ಮಾತ್ರ. ಬಣ್ಣ ಹಾಕಿ ಮುಗಿಸಿ, ಸಾಲು ಜೋಡಿಸಿ, ಆಮೇಲೆ ಕರೆಯಿರಿ ಎಂದರು. ನೂಲಿನ ವಿಷಯ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಟೀ ಬಂದಿತು. ಹೀಗೆ ಬರೆದರೆ ಟೀಯದೇ ತಪ್ಪೆಂಬಂತೆ ಕಾಣುತ್ತದೆ.

ಬಣ್ಣ ಹಿಡಿಯಿತು. ಅಷ್ಟು ಚೆಂದದ ವಸ್ತುವನ್ನು ನಾನು ಅದುವರೆಗೆ ನೋಡಿರಲಿಲ್ಲ. ಗಾಜಿನಂಥ ಮೈಯೊಳಗೆ ಕೂದಲೆಳೆಯ ಕೆಂಪು. ಎಳೆಯದರಲ್ಲಿ ಅಂಗುಳಿನ ಮೇಲೆ ಕಠಾರಿಯ ಆಕಾರದ ಒಂದೇ ಒಂದು ಮೂಳೆ. ಸ್ವಲ್ಪ ಬಲಿತದ್ದರಲ್ಲಿ ನೆತ್ತಿಯ ಎರಡು ಅಂಚಿನಲ್ಲಿ ಎರಡು ಗೆರೆ, ಬೆನ್ನಿನ ಉದ್ದಕ್ಕೂ ಜೋಡಿ ಚುಕ್ಕೆ. ತೊಡೆಯ ಮೂಳೆಯ ನಡುವೆ ಬಳೆ ತೊಡಿಸಿದಂತೆ ಕೆಂಪು ಶುರುವಾಗಿ ಎರಡು ತುದಿಗೂ ಹರಿಯುತ್ತದೆ. ಬಾಲದಲ್ಲಿ ಏನೂ ಇಲ್ಲ. ಕರಗಿಹೋಗುವುದಕ್ಕೆ ದೇಹ ಮೂಳೆ ಕೊಡುವುದಿಲ್ಲ.

ನಾನು ಕೂರಿಸತೊಡಗಿದೆ. ಚಿಕ್ಕ ಮೈ, ಉದ್ದ ಕಾಲು, ಕಡಿಮೆ ಕೆಂಪು: ಇದು ಕುಂಟೆಯದು. ದಪ್ಪ ಮೈ, ತುಂಬಿದ ನೆತ್ತಿ: ಇದು ಕೆರೆಯದು. ಮೊದಮೊದಲು ಕೈ ತಡೆಯಿತು. ಆಮೇಲೆ ನೆನಪುಗಳೂ ಒದಗಿಬಂದವು. ಇದನ್ನು ಬಂಡೆಯ ಬಿರುಕಿನಲ್ಲಿ ಹಿಡಿದಿದ್ದೆ, ಇದನ್ನು ತೂಬಿನ ಹತ್ತಿರ. ಹಿಡಿದ ಗಳಿಗೆಯ ಬಿಸಿಲು ಕೂಡ ನೆನಪಾಗುತ್ತಿತ್ತು. ಎಲ್ಲವೂ ನನ್ನ ವಾದಕ್ಕೆ ಬೇಕಾದ ಕಡೆಗೇ ನೆನಪಾಗುತ್ತಿತ್ತು.

ಎರಡು ಸಾಲು ಮುಗಿದಾಗ ಹಿಂದೆ ಸರಿದು ನೋಡಿದೆ. ಒಂದು ಮರಿಯೂ ಅಡ್ಡ ಮಾತು ಆಡುತ್ತಿರಲಿಲ್ಲ. ಕೆರೆಯಲ್ಲಿ ಮೂಳೆ ನಿಧಾನವಾಗಿ, ತುಂಬಿಕೊಂಡು. ಕುಂಟೆಯಲ್ಲಿ ಮೈ ಓಡುತ್ತಿದೆ, ಮೂಳೆ ಹಿಂದೆ ಉಳಿದಿದೆ. ನಮ್ಮೂರಲ್ಲಿ ನೀರು ಯಾವತ್ತೂ ಇಷ್ಟು ಅಚ್ಚುಕಟ್ಟಾಗಿ ನಡೆದುಕೊಂಡದ್ದಿಲ್ಲ. ಆದರೂ ಪ್ರೊಫೆಸರನ್ನು ಕರೆದೆ.

ಪ್ರಯೋಗಶಾಲೆಯ ಮೇಜು

ಪ್ರೊಫೆಸರ್ ಬಂದರು. ಭೂತಗನ್ನಡಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಹೋದರು, ಮತ್ತೆ ವಾಪಸ್ಸು ಬಂದರು. ಸುಂದರವಾಗಿದೆ ಎಂದರು. ಅವರ ಬಾಯಿಂದ ಆ ಮಾತು ಬಂದದ್ದನ್ನು ಕೇಳಿ ಪಕ್ಕದ ಮೇಜಿನವರು ತಲೆಯೆತ್ತಿ ನೋಡಿದರು. ನನ್ನ ಎರಡು ವರ್ಷ ಅಲ್ಲೇ ಆ ಮೇಜಿನ ಮೇಲಿತ್ತು; ಸುಮ್ಮನಿದ್ದರೆ ಸಾಕಿತ್ತು. ಆಗ ಅವರು, ಬರಿಯ ಕುತೂಹಲದಿಂದ, ಎರಡು ನೀರಿನ ಮರಿಗಳನ್ನು ಪ್ರಯಾಣದಲ್ಲಿ ಬೇರೆಬೇರೆಯಾಗಿ ಹೇಗೆ ಇಟ್ಟುಕೊಂಡಿರಿ ಎಂದು ಕೇಳಿದರು.

ಧೈರ್ಯದಿಂದ ಹೇಳಿದೆ ಎಂದು ಬರೆಯಲಾರೆ. ಇಂಗ್ಲಿಷ್ ಮರೆತುಹೋಗುತ್ತಿತ್ತು. ಇಟ್ಟುಕೊಂಡಿರಲಿಲ್ಲ ಎಂದೆ. ರೇಷ್ಮೆಯ ಕಥೆ ಹೇಳಿದೆ. ಕೊನೆಗೆ ಹೇಳಿದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ: "ಮೂಳೆ ನೋಡಿ ಜೋಡಿಸಿದೆ. ಈ ಸಾಲನ್ನು ಮಾಡಿದ್ದು ನೀರಲ್ಲ, ನಾನು."

ಅವರು ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡರು. ಎರಡು ಸಾಲನ್ನೂ ಒಂದೊಂದಾಗಿ ಎತ್ತಿ ಒಂದೇ ಬೋಗುಣಿಗೆ ಹಾಕಿದರು, ಸಿಟ್ಟಿನಿಂದಲ್ಲ, ಊಟವಾದ ಮೇಲೆ ತಟ್ಟೆ ಎತ್ತುವವರ ಹಾಗೆ. ನಾಳೆ ಬೆಳಿಗ್ಗೆ ಬನ್ನಿ ಎಂದರು. ಆ ಸಂಜೆ ಹಡಗಿನ ಕಚೇರಿಯ ಮುಂದೆ ಎರಡು ಸಲ ಹಾದುಹೋದೆ. ಅಣ್ಣನಿಗೆ ಏನು ಹೇಳುವುದು ಎಂಬುದಕ್ಕಿಂತ ಅತ್ತಿಗೆಗೆ ಏನು ಹೇಳುವುದು ಎಂಬುದೇ ದೊಡ್ಡದಾಗಿತ್ತು. ಅವರ ಕೈಯಿಂದ ಆದದ್ದು ಎಂದು ಅವರಿಗೆ ಅನಿಸಬಾರದು.

ಬೆಳಿಗ್ಗೆ ಮೇಜಿನ ಮೇಲೆ ಬೇರೆ ಕಪ್ಪೆಗಳಿದ್ದವು. ಅವರ ದೇಶದ್ದು, ಪ್ರಯೋಗಶಾಲೆಯ ತೊಟ್ಟಿಗಳಲ್ಲೇ ಬೆಳೆಸಿ ಬಣ್ಣ ಹಾಕಿಟ್ಟದ್ದು. ಒಂದೊಂದು ಮರಿಗೆ ಒಂದೊಂದು ಗಾಜಿನ ಬಟ್ಟಲು, ಬಟ್ಟಲಿನ ತಳಕ್ಕೆ ಅಂಟಿಸಿದ ಸಂಖ್ಯೆ. ಯಾವುದು ಎಷ್ಟು ದಿನದ್ದು ಎಂದು ಅವರಿಗೆ ಗೊತ್ತಿತ್ತು. ಮೂಳೆ ನೋಡಿ ವಯಸ್ಸಿನ ಕ್ರಮದಲ್ಲಿ ಜೋಡಿಸಿ ಎಂದಷ್ಟೇ ಹೇಳಿ ಕುರ್ಚಿಯಲ್ಲಿ ಕುಳಿತರು.

ಪರೀಕ್ಷೆ ಎಂದು ಅರ್ಥವಾಯಿತು. ಕಪ್ಪೆಯ ಮೂಳೆ ಇವನಿಗೆ ತಿಳಿದಿದೆಯೋ ಇಲ್ಲವೋ ಎಂದು ನೋಡುತ್ತಿದ್ದಾರೆ, ತಪ್ಪಿದರೆ ಮುಗಿಯಿತು. ನಾನು ಹಿಂದೆಂದೂ ನೋಡದಷ್ಟು ಎಚ್ಚರದಿಂದ ನೋಡಿದೆ. ನೆತ್ತಿ, ಬೆನ್ನು, ತೊಡೆ, ಬೆರಳಿನ ತುದಿ. ಒಂದನ್ನು ಇಟ್ಟು, ತೆಗೆದು, ಮತ್ತೆ ಇಟ್ಟೆ. ಜೋಡಿಸಿ ಮುಗಿಸಿದಾಗ ಅಂಗಿಯ ಬೆನ್ನು ಒದ್ದೆಯಾಗಿತ್ತು, ಆ ಚಳಿಯಲ್ಲಿ.

ಅವರು ಎದ್ದು ಬಂದು ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ ತಳ ನೋಡಿದರು. ನಡುವಿನವು ಸುಮಾರು ಸರಿಯಿದ್ದವು. ಆಮೇಲೆ ನಾನು ಎಲ್ಲಕ್ಕಿಂತ ಎಳೆಯದೆಂದು ಈ ತುದಿಗೆ ಇಟ್ಟದ್ದನ್ನೂ, ಬಲಿತದ್ದೆಂದು ಆ ತುದಿಗೆ ಇಟ್ಟದ್ದನ್ನೂ ಎತ್ತಿ ಒಟ್ಟಿಗೆ ನನ್ನ ಮುಂದಿಟ್ಟರು. ಇವೆರಡೂ ಒಂದೇ ತಾಯಿಯ, ಒಂದೇ ದಿನದ ಮೊಟ್ಟೆಗಳು ಎಂದರು. ಬಲಿತದ್ದು ಆಳದ ತೊಟ್ಟಿಯಲ್ಲಿ ಬೆಳೆದದ್ದು, ಎಳೆಯದು ಕಿಟಕಿಯ ಪಕ್ಕದ ಆಳವಿಲ್ಲದ ತಟ್ಟೆಯಲ್ಲಿ.

ನಾನು ಕ್ಷಮೆ ಕೇಳತೊಡಗಿದೆ. ಆ ದೇಶದ ಅಭ್ಯಾಸ ಅಷ್ಟರಲ್ಲೇ ಹತ್ತಿತ್ತು.

"ಯಾಕೆ?" ಎಂದರು ಪ್ರೊಫೆಸರ್. "ಇವೆರಡನ್ನು ನೀವು ಪಕ್ಕಪಕ್ಕದಲ್ಲಿ ಇಟ್ಟಿದ್ದರೆ ಮೂಳೆ ನೀರನ್ನು ಲೆಕ್ಕಿಸದೆ ದಿನ ಎಣಿಸುತ್ತದೆ ಎಂದಾಗುತ್ತಿತ್ತು. ಆಗ ಹುಡುಕಲು ಏನೂ ಇರುತ್ತಿರಲಿಲ್ಲ, ನಿಮಗೆ ಇಂದೇ ಟಿಕೆಟ್ ತೆಗೆಸಬೇಕಾಗುತ್ತಿತ್ತು. ಮಾರ್ಚಿನಲ್ಲಿ ಇಲ್ಲಿನ ಕಪ್ಪೆಗಳು ಮೊಟ್ಟೆಯಿಡುತ್ತವೆ. ನಿಮ್ಮ ಜಾಡಿಗಳನ್ನು ಮರೆತುಬಿಡಿ. ಮೊದಲಿನಿಂದ ಶುರು ಮಾಡಿ."

ಅವರು ಹೋದ ಮೇಲೆ ಟೀ ಬಂದಿತು, ನಾನು ಕುಡಿಯಲಿಲ್ಲ. ಎಳೆಯದೆಂದು ನಾನು ಮೋಸಹೋದ ಆ ಮರಿಯ ಬಟ್ಟಲನ್ನು ಎತ್ತಿಕೊಂಡು ಬೆಳಕಿಗೆ ಹಿಡಿದೆ. ನಾಲ್ಕು ಕಾಲೂ ಪೂರ್ತಿ ಬಂದಿದ್ದವು, ಹಾರಲು ತಯಾರಾಗಿ. ನೆತ್ತಿಯ ಎರಡು ಕೆಂಪು ಗೆರೆಗಳು ಮಾತ್ರ ಇನ್ನೂ ಒಂದನ್ನೊಂದು ಮುಟ್ಟಿರಲಿಲ್ಲ. ಅವುಗಳ ನಡುವಿನ ತೆರಪಿನಲ್ಲಿ ಕಿಟಕಿ ಕಾಣುತ್ತಿತ್ತು, ಕಿಟಕಿಯಾಚೆ ಆ ಊರು.